ಗುಡಿಯ ನೆರಳಿನ ಮನೆ

ನಮ್ಮ ಮನೆಯ ಹೊಸ್ತಿಲಿನಿಂದ ಊರ ಗುಡಿಯ ಪೌಳಿಗೋಡೆಯವರೆಗೆ ಎಷ್ಟು ದೂರವೆಂಬುದನ್ನು 2019ನೆಯ ಇಸವಿಯವರೆಗೆ ನಾವು ಯಾರೂ ಅಳೆದು ನೋಡಿದವರಲ್ಲ. ಅಳೆಯುವ ಅವಶ್ಯಕತೆಯೇ ಬಿದ್ದಿರಲಿಲ್ಲ. ಗುಡಿಯ ಘಂಟೆ ಬಾರಿಸಿದರೆ ನಮ್ಮ ಅಡುಗೆಮನೆಯಲ್ಲಿ ಕೇಳುತ್ತಿತ್ತು. ನಮ್ಮ ಅಡುಗೆಮನೆಯ ಒಗ್ಗರಣೆಯ ವಾಸನೆ ಗುಡಿಯ ಕಟ್ಟೆಯ ಮೇಲೆ ಕುಳಿತವರಿಗೆ ತಲುಪುತ್ತಿತ್ತು. ಅಷ್ಟು ಹತ್ತಿರ. ಆ ವರ್ಷದ ಡಿಸೆಂಬರಿನಲ್ಲಿ ಇಬ್ಬರು ನೌಕರರು ಟೇಪು ಹಿಡಿದುಕೊಂಡು ಬಂದು, ಒಬ್ಬರು ಆ ತುದಿಯಲ್ಲಿ, ಒಬ್ಬರು ಈ ತುದಿಯಲ್ಲಿ ನಿಂತು, ಇಪ್ಪತ್ತೇಳು ಮೀಟರು ಎಂದು ಬರೆದುಕೊಂಡರು. ಹೋಗುವಾಗ ನಮ್ಮ ತಲಬಾಗಿಲಿಗೆ ಒಂದು ಕಾಗದವನ್ನು ಅಂಟಿಸಿ ಹೋದರು. ತೊಂಬತ್ತು ವರ್ಷಗಳ ಕಾಲ ತೋರಣ ಮಾತ್ರ ಕಂಡಿದ್ದ ಆ ಚೌಕಟ್ಟಿಗೆ ಅದು ಮೊದಲ ನೋಟೀಸು.

ನಮ್ಮೂರು ಗದಗ ಜಿಲ್ಲೆಯ ಒಂದು ಸಾಧಾರಣ ಹಳ್ಳಿ. ಊರ ನಡುವೆ ಕಲ್ಯಾಣದ ಚಾಲುಕ್ಯರ ಕಾಲದ ಒಂದು ಕಲ್ಲುಗುಡಿ ಇದೆ. ಲಕ್ಕುಂಡಿಯ ಕಾಶಿವಿಶ್ವೇಶ್ವರ ಗುಡಿಯಂತೆ ದೇಶಾಂತರದ ಪ್ರವಾಸಿಗಳನ್ನು ಕರೆತರುವಷ್ಟು ಹೆಸರು ಅದಕ್ಕಿಲ್ಲ. ಆದರೂ ಬಾಗಿಲವಾಡದ ಮೇಲಿನ ಸೂಕ್ಷ್ಮ ಕೆತ್ತನೆ, ತಿರುಗಣಿಯಲ್ಲಿ ತಿರುಗಿಸಿ ಕಡೆದಂತಿರುವ ಕಂಬಗಳು ಲಕ್ಕುಂಡಿಯವೇ ಎನ್ನುವಂತಿವೆ. ಕೇಂದ್ರ ಸರಕಾರದ ರಕ್ಷಿತ ಸ್ಮಾರಕವೆಂಬ ನೀಲಿ ಫಲಕ ನಾವು ಶಾಲೆಗೆ ಹೋಗುವಾಗಲೇ ಅಲ್ಲಿತ್ತು. ಅದರ ಕಂಬಕ್ಕೆ ನಮ್ಮ ಎಮ್ಮೆಯನ್ನು ಕಟ್ಟುತ್ತಿದ್ದೆವೆಂದು ಈಗ ಹೇಳಿಕೊಳ್ಳಲು ಸಂಕೋಚವಾಗುತ್ತದೆ.

ಮನೆಯನ್ನು ಕಟ್ಟಿಸಿದವರು ನಮ್ಮ ಅಜ್ಜ. ಪಡಸಾಲೆಯ ನಡುತೊಲೆಯ ಮೇಲೆ ಶಕೆ 1853 ಎಂದು ಕೊರೆಸಿದ್ದಾರೆ, ಅಂದರೆ 1931. ಎರಡು ಮೊಳ ದಪ್ಪದ ಕಲ್ಲುಮಣ್ಣಿನ ಗೋಡೆ, ಸಾಗುವಾನಿ ಕಂಬ, ಕಂಬದ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಅದರ ಮೇಲೆ ಮಣ್ಣಿನ ಮೇಲ್ಮುದ್ದೆ. ನಡುವೆ ಬೆಳಕಿಂಡಿ. ಬಾಗಿಲು ದಾಟಿದೊಡನೆ ತಗ್ಗಿನಲ್ಲಿ ದನದ ಕೊಟ್ಟಿಗೆ. ಅದರಿಂದ ಎರಡು ಮೆಟ್ಟಿಲು ಮೇಲೆ ಪಡಸಾಲೆ. ದನಗಳೂ ಮನುಷ್ಯರೂ ಒಂದೇ ಸೂರಿನಡಿ ಮಲಗುವ ಈ ವಿನ್ಯಾಸ ಉತ್ತರ ಕರ್ನಾಟಕದ ಒಕ್ಕಲು ಮನೆಗಳನ್ನು ಬಲ್ಲ ವಾಚಕರಿಗೆ ಹೊಸದಲ್ಲ. ವೈಶಾಖದ ಬಿಸಿಲಿನಲ್ಲಿ ಆ ಪಡಸಾಲೆಯ ತಂಪನ್ನು ಉಂಡವರಿಗೆ ಧಾರವಾಡದ ನಮ್ಮ ಸಿಮೆಂಟಿನ ಮನೆ ಒಲೆಯಂತೆಯೇ ಸರಿ.

2019ರ ಆಗಸ್ಟ್ ತಿಂಗಳ ಮಳೆಯನ್ನು ನಮ್ಮ ಕಡೆಯವರು ಮರೆತಿಲ್ಲ. ಮಲಪ್ರಭೆ ದಂಡೆ ಮೀರಿ ಹರಿದ ಆ ವಾರದಲ್ಲಿ ನದಿಯಿಂದ ದೂರವಿದ್ದ ಊರುಗಳಲ್ಲಿಯೂ ಮಣ್ಣಿನ ಮನೆಗಳು ನೆನೆದು ಕುಸಿದವು. ನಮ್ಮ ಹಿತ್ತಿಲ ಗೋಡೆ ಒಂದು ರಾತ್ರಿ ಬಿತ್ತು. ಗೋಡೆಗೆ ಆತುಕೊಂಡಿದ್ದ ಶೌಚಾಲಯವೂ ಬಚ್ಚಲೂ ಅದರೊಡನೆ ಹೋದವು. ಜೀವಹಾನಿಯಾಗಲಿಲ್ಲವೆಂಬುದೇ ದೊಡ್ಡ ಸಮಾಧಾನ.

ಊರಿನಲ್ಲಿರುವವನು ನಮ್ಮಣ್ಣ. ಒಕ್ಕಲುತನ ಅವನದು, ಅವ್ವನ ಜೋಪಾನವೂ ಅವನದು. ಬಿದ್ದದ್ದು ಬಿತ್ತು, ಇನ್ನು ಹಿತ್ತಿಲಲ್ಲಿ ಕಾಂಕ್ರೀಟಿನ ಎರಡು ಕೋಣೆ ಎಬ್ಬಿಸಿ, ಅದಕ್ಕೆ ಹೊಂದಿ ಬಚ್ಚಲು, ಶೌಚಾಲಯ ಕಟ್ಟಿಸೋಣ. ಅವ್ವನಿಗೂ ಅನುಕೂಲ, ಮಗನ ಮದುವೆಯಾದರೆ ಅವನಿಗೂ ಕೋಣೆಯಾಯಿತು ಎಂದು ಲೆಕ್ಕ ಹಾಕಿದ. ಗ್ರಾಮ ಪಂಚಾಯತಿಗೆ ಅರ್ಜಿ ಕೊಟ್ಟ. 1993ರ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಹಳ್ಳಿಯಲ್ಲಿ ಮನೆ ಕಟ್ಟಲು ಪಂಚಾಯತಿಯ ಅನುಮತಿ ಬೇಕಷ್ಟೆ. ಪಂಚಾಯತಿಯವರು ಕರದ ಬಾಕಿ ತುಂಬಿಸಿಕೊಂಡು, ಶುಲ್ಕ ತೆಗೆದುಕೊಂಡು, ಮೊಹರು ಒತ್ತಿ ಪರವಾನಗಿ ಕೊಟ್ಟರು. ಗುಡಿಯ ವಿಷಯವನ್ನು ಅಲ್ಲಿ ಯಾರೂ ಎತ್ತಲಿಲ್ಲ. ಅಣ್ಣ ಪಾಯ ತೋಡಿಸಿ, ಕಬ್ಬಿಣ ತರಿಸಿದ ಮೇಲೆ ಮೇಲೆ ಹೇಳಿದ ಕಾಗದ ಬಾಗಿಲಿಗೆ ಬಂತು.

ನೋಟೀಸನ್ನು ಓದಿ ಅರ್ಥಮಾಡಿಕೊಳ್ಳುವ ಭಾರ ಧಾರವಾಡದಲ್ಲಿ ನಾಲ್ಕು ಅಕ್ಷರ ಕಲಿತು ಕುಳಿತಿದ್ದ ನಮ್ಮ ಮೇಲೆ ಬಿತ್ತು. ಪ್ರಾಚೀನ ಸ್ಮಾರಕಗಳ ಕೇಂದ್ರ ಕಾಯ್ದೆ 1958ರದು. ರಕ್ಷಿತ ಸ್ಮಾರಕದ ಎಲ್ಲೆಯಿಂದ ನೂರು ಮೀಟರು ನಿಷೇಧಿತ ಪ್ರದೇಶ, ಅದರಾಚೆ ಮತ್ತೆ ಇನ್ನೂರು ಮೀಟರು ನಿಯಂತ್ರಿತ ಪ್ರದೇಶ ಎಂಬ ಗೆರೆಯನ್ನು ಎಳೆದದ್ದು 1992ರ ಜೂನ್ 16ರ ಅಧಿಸೂಚನೆ. 2010ರ ತಿದ್ದುಪಡಿ ಆ ಗೆರೆಯನ್ನು ಕಾಯ್ದೆಯೊಳಕ್ಕೇ ಸೇರಿಸಿ ಬಿಗಿಗೊಳಿಸಿತು. ನೂರು ಮೀಟರಿನೊಳಗೆ ಖಾಸಗಿಯವರು ಹೊಸ ಕಟ್ಟಡ ಕಟ್ಟುವಂತಿಲ್ಲ; ಇದ್ದ ಮನೆಯ ಮೇಲೆ ಮಹಡಿಯನ್ನೇರಿಸುವಂತಿಲ್ಲ, ಪಕ್ಕಕ್ಕೆ ಬೆಳೆಸುವಂತಿಲ್ಲ. ಮೀರಿದರೆ ಎರಡು ವರ್ಷಗಳವರೆಗೆ ಸೆರೆಮನೆ, ಇಲ್ಲವೆ ಒಂದು ಲಕ್ಷ ರೂಪಾಯಿಯವರೆಗೆ ದಂಡ, ಇಲ್ಲವೆ ಎರಡೂ. ಆದರೆ 1992ರ ಆ ದಿನಾಂಕಕ್ಕಿಂತ ಮೊದಲೇ ಇದ್ದ ಮನೆಯನ್ನು ಅನುಮತಿ ಪಡೆದು ದುರಸ್ತಿ ಮಾಡಿಕೊಳ್ಳಬಹುದು, ನವೀಕರಿಸಬಹುದು. ಇಲ್ಲಿಯೇ ಒಂದು ಮುಳ್ಳಿದೆ. ದುರಸ್ತಿಯೆಂದರೆ ಪುನರ್ನಿರ್ಮಾಣವಲ್ಲವೆಂದು ಕಾಯ್ದೆ ಸ್ಪಷ್ಟವಾಗಿ ಹೇಳುತ್ತದೆ. ನಿಂತ ಗೋಡೆಗೆ ಆಸರೆ ಕೊಡಬಹುದು; ಪೂರ್ತಿ ಬಿದ್ದ ಕಟ್ಟಡವನ್ನು ನೂರು ಮೀಟರಿನೊಳಗೆ ಮರಳಿ ಎಬ್ಬಿಸುವಂತಿಲ್ಲ.

ಇದನ್ನು ನಾವು ಓದಿ ಹೇಳಿದಾಗ ಅಣ್ಣ ಬಹಳ ಹೊತ್ತು ಸುಮ್ಮನೆ ಕುಳಿತಿದ್ದ. ಆಮೇಲೆ, "ಅಂದ್ರ ವಾಲಿದ ಗ್ವಾಡಿಗೆ ಔಷಧ ಐತಿ, ಬಿದ್ದ ಗ್ವಾಡಿಗೆ ಇಲ್ಲ ಅಂದಂಗಾತು. ಮಳಿಗೂ ಒಂದು ಪ್ರತಿ ಕಳಸಬೇಕಿತ್ತಲ್ಲ ಈ ಕಾಗದ" ಎಂದ. ನಾವು ಗುಡಿಯ ಮಹತ್ವದ ಬಗ್ಗೆ, ನಮ್ಮ ಪೂರ್ವಿಕರ ಶಿಲ್ಪದ ಬಗ್ಗೆ ನಾಲ್ಕು ಮಾತು ಆಡಿದೆವು. ಒಳಗಿನಿಂದ ಅತ್ತಿಗೆ ಬಂದರು. "ಧಾರವಾಡದಾಗ ಕುಂತು ಪರಂಪರೆ ಅನ್ನೂದು ಸಸಾರ ಐತಿ ತಮ್ಮಾ. ರಾತ್ರಿ ಎರಡು ತಾಸಿಗೆ ಬ್ಯಾಟರಿ ಹಿಡದು ಅತ್ತಿಯವರನ್ನ ಹಿತ್ತಲಕ್ಕ ಕರಕೊಂಡು ಹೋಗೂದು ನಾನು" ಎಂದು ಹೇಳಿ, ಚಹದ ಬಟ್ಟಲುಗಳನ್ನು ಎತ್ತಿಕೊಂಡು ಒಳಗೆ ಹೋದರು. ನಮ್ಮಲ್ಲಿ ಉತ್ತರವಿರಲಿಲ್ಲ. ನಮ್ಮ ಮನೆಯಲ್ಲಿ ಎರಡು ಶೌಚಾಲಯಗಳಿದ್ದವು.

ಅವ್ವನಿಗೆ ಆಗ ಎಂಬತ್ತನಾಲ್ಕು. 2020ರ ಸಂಕ್ರಾಂತಿ ಕಳೆದ ಮೂರನೆಯ ದಿನ, ಯಾರನ್ನೂ ಎಬ್ಬಿಸಬಾರದೆಂದು ನಸುಕಿನಲ್ಲಿ ತಾನೊಬ್ಬಳೇ ಹಿತ್ತಿಲಿಗೆ ಹೋಗಿ, ನಿಂತುಹೋಗಿದ್ದ ಕೆಲಸದ ಪಾಯದ ಕಂದಕದ ಅಂಚಿನಲ್ಲಿ ಜಾರಿ ಬಿದ್ದಳು. ಸೊಂಟದ ಎಲುಬು ಮುರಿಯಿತು. ಹುಬ್ಬಳ್ಳಿಯಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಆ ಕಂದಕವನ್ನು ಮುಚ್ಚಬೇಕೆಂದು ಯಾವ ಇಲಾಖೆಯವರೂ ಹೇಳಿರಲಿಲ್ಲ, ನಮಗೂ ಹೊಳೆದಿರಲಿಲ್ಲ. ತಪ್ಪು ಯಾರದೆಂದು ಬಗೆಹರಿಸುವ ಉಮೇದು ನಮಗೆ ಇಂದಿಗೂ ಇಲ್ಲ. ಆಸ್ಪತ್ರೆಯ ಮೊಗಸಾಲೆಯಲ್ಲಿ ಅಣ್ಣ ನಮ್ಮ ಮುಖ ನೋಡಲಿಲ್ಲ, ನಾವು ಅವನ ಮುಖ ನೋಡಲಿಲ್ಲ.

ಊರಿಗೆ ಮರಳಿದ ಮೇಲೆ ಮೊದಲು ಕಂದಕ ಮುಚ್ಚಿಸಿದೆವು. ಆಮೇಲೆ ಅರ್ಜಿ ಬರೆಯಲು ಕುಳಿತೆವು. ಹಿತ್ತಿಲಿನ ಕೋಣೆಗಳ ಆಸೆ ಬಿಟ್ಟಾಯಿತು. ಉಪಾಯ ಹೊಳೆದದ್ದು ಅತ್ತಿಗೆಯವರಿಗೆ. ಎತ್ತುಗಳನ್ನು ಮಾರಿ, ಬಾಡಿಗೆಯ ಟ್ರ್ಯಾಕ್ಟರಿನಲ್ಲಿ ಗಳೇವು ಹೊಡೆಸತೊಡಗಿ ಆರು ವರ್ಷಗಳಾಗಿದ್ದವು. ಕೊಟ್ಟಿಗೆಯ ಅರ್ಧಭಾಗ ಬರಿದಾಗಿತ್ತು. ಅದು ಮೂಲ ಮನೆಯ ಒಳಗಿನ ಸ್ಥಳ, ಸುತ್ತಲಿನ ಗೋಡೆ ನಿಂತಿತ್ತು, ಮೇಲೆ ಅಜ್ಜನ ಕಾಲದ ಮಾಳಿಗೆಯಿತ್ತು. ಅಲ್ಲಿಯೇ ಬಚ್ಚಲನ್ನೂ ಶೌಚಾಲಯವನ್ನೂ ಮಾಡಿಕೊಂಡರೆ ಅದು ಇದ್ದ ಮನೆಯ ನವೀಕರಣವೇ ಹೊರತು ಹೊಸ ಕಟ್ಟಡವಲ್ಲ. ಹಿತ್ತಿಲಿನ ಹಳೆಯ ಗುಂಡಿ ಸುಸ್ಥಿತಿಯಲ್ಲಿ ಉಳಿದಿದ್ದರಿಂದ ಹೊಸದಾಗಿ ಅಗೆಯುವ ಪ್ರಮೇಯವೂ ಬರಲಿಲ್ಲ.

ಮನೆ 1992ಕ್ಕಿಂತ ಹಿಂದಿನದೆಂದು ತೋರಿಸುವುದೇ ಒಂದು ಸಾಹಸವಾಯಿತು. ತೊಲೆಯ ಮೇಲಿನ ಶಕವರ್ಷದ ಚಿತ್ರ ತೆಗೆದೆವು. ಅಜ್ಜನ ಲೆಕ್ಕದ ಪುಸ್ತಕದಲ್ಲಿ ಬಡಿಗೇರನಿಗೆ ಕೊಟ್ಟ ಕೂಲಿ, ತರಿಸಿದ ಸುಣ್ಣದ ಚೀಲ ಎಲ್ಲವೂ ಇದ್ದರೂ ಕಚೇರಿಗೆ ಬೇಕಾದದ್ದು ಮೊಹರು. ಕೊನೆಗೆ ಅವ್ವನ ಟ್ರಂಕಿನಲ್ಲಿ ಮದುವೆಯ ಸೀರೆಯ ಕೆಳಗೆ 1974ರ ಮನೆಕರದ ಪಾವತಿ ಸಿಕ್ಕಿತು. ಮಂಚದ ಮೇಲೆ ಮಲಗಿದ್ದಲ್ಲಿಂದಲೇ ಅವ್ವ, "ಅಪ್ಪ ಹೇಳಿದ್ರು, ಸರಕಾರದ ಚೀಟಿ ಒಗೀಬ್ಯಾಡ ಅಂತ" ಎಂದಳು.

ಅರ್ಜಿ ಸಕ್ಷಮ ಪ್ರಾಧಿಕಾರಕ್ಕೆ ಹೋಗಬೇಕು. ಅವರು ಹದಿನೈದು ದಿನಗಳಲ್ಲಿ ಅದನ್ನು ದೆಹಲಿಯ ರಾಷ್ಟ್ರೀಯ ಸ್ಮಾರಕಗಳ ಪ್ರಾಧಿಕಾರಕ್ಕೆ ಕಳಿಸಬೇಕು. ಅಲ್ಲಿಂದ ಎರಡು ತಿಂಗಳಲ್ಲಿ ಅಭಿಪ್ರಾಯ ಬರಬೇಕು. ಬಂದ ಒಂದು ತಿಂಗಳಲ್ಲಿ ಹೂಂ ಅಥವಾ ಊಹೂಂ ಎನ್ನಬೇಕು. ಕಾಯ್ದೆಯ ಪುಸ್ತಕದಲ್ಲಿ ಹೀಗಿದೆ. ನಮ್ಮ ಅರ್ಜಿ ಹೋದದ್ದು 2020ರ ಮಾರ್ಚಿನ ಮೊದಲ ವಾರ. ಆ ಮಾರ್ಚಿನಲ್ಲಿ ಏನಾಯಿತೆಂಬುದನ್ನು ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ. ದೇಶವೇ ಬಾಗಿಲು ಹಾಕಿಕೊಂಡಿತು. ಅನುಮತಿ ಕೈಸೇರಿದಾಗ 2021ರ ಫೆಬ್ರವರಿ.

ನಡುವೆ ಸ್ಥಳ ಪರಿಶೀಲನೆಗೆ ಒಬ್ಬ ತರುಣ ಅಧಿಕಾರಿ ಬಂದಿದ್ದರು. ಒಳ್ಳೆಯ ಮನುಷ್ಯರು. ಮನೆಯನ್ನೆಲ್ಲ ನೋಡಿ, ಬೋದಿಗೆಯ ಕೆತ್ತನೆಯನ್ನು ಮೆಚ್ಚಿ, ಹಿತ್ತಿಲಿಗೆ ಬಂದವರು ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನಿಂತುಬಿಟ್ಟರು. ಬಗ್ಗಿ, ಕಲ್ಲಿನ ಕೆಳಬದಿಗೆ ಕೈಯಾಡಿಸಿದರು. ಮಣ್ಣು ಉದುರಿ ಅರಳಿದ ಕಮಲವೊಂದರ ಎಸಳು ಕಂಡಿತು. ನಮಗೆ ನೆಲ ಬಾಯಿಬಿಡಬಾರದೇ ಎನಿಸಿತು. ಅದು ಗುಡಿಯ ಒಳಮಾಡಿನ ಕಲ್ಲು. ಗುಡಿಯ ಹಿಂಭಾಗ ಪಾಳುಬಿದ್ದಿದ್ದ ಕಾಲದಲ್ಲಿ ಊರವರೆಲ್ಲ ಹೊತ್ತು ತಂದಂತೆ ನಮ್ಮ ಅಜ್ಜನೂ ತಂದಿರಬೇಕು. ಮೂರು ತಲೆಮಾರಿನ ಹೆಂಗಸರು ಅದರ ಬೆನ್ನಿನ ಮೇಲೆ ಬಟ್ಟೆ ಒಗೆದಿದ್ದರು. ಹೊಟ್ಟೆಯ ಕೆಳಗೆ ಹೂವಿದೆಯೆಂದು ಅವರಿಗೆ ಗೊತ್ತಿರಲಿಲ್ಲ, ಅಥವಾ ಗೊತ್ತಿದ್ದೂ ಹೇಳಿರಲಿಲ್ಲ. ಅಧಿಕಾರಿಗಳು ಬೈಯಲಿಲ್ಲ. "ಕೊಟ್ಟುಬಿಡ್ರಿ" ಎಂದರಷ್ಟೆ. ಮರುದಿನ ಆರು ಜನ ಸೇರಿ ಅದನ್ನು ಗುಡಿಯ ಆವರಣಕ್ಕೆ ಸಾಗಿಸಿದೆವು. ಅದೇ ವಾರ ನಮ್ಮ ಓಣಿಯಿಂದ ಇನ್ನೂ ಎರಡು ಕಲ್ಲುಗಳು ಸದ್ದಿಲ್ಲದೆ ಗುಡಿಗೆ ಹಿಂದಿರುಗಿದವು. ಯಾರ ಮನೆಯವೆಂದು ಯಾರೂ ಕೇಳಲಿಲ್ಲ.

ಆ ದಿನದ ನಂತರ ಕಾಯ್ದೆಯ ಮೇಲಿನ ನಮ್ಮ ಸಿಟ್ಟು ಸ್ವಲ್ಪ ಇಳಿಯಿತೆಂದು ಒಪ್ಪಿಕೊಳ್ಳಬೇಕು. ಗುಡಿಯ ಇನ್ನೊಂದು ಮಗ್ಗುಲಲ್ಲಿ ಮೂರು ಅಂತಸ್ತಿನ ಕಾಂಕ್ರೀಟು ಕಂಬಗಳು ಎದ್ದು ಅರ್ಧಕ್ಕೆ ನಿಂತಿದ್ದನ್ನು ನಾವು ದಿನವೂ ನೋಡುತ್ತಿದ್ದೆವು. ಅದು ಪೂರ್ತಿಯಾಗಿದ್ದರೆ ಬೆಳಗಿನ ಬಿಸಿಲು ಗುಡಿಯ ಬಾಗಿಲಿಗೆ ತಾಗುತ್ತಿರಲಿಲ್ಲ. ಓಣಿಯ ಗಟಾರದ ನೀರು ಇಂಗಿ ಗುಡಿಯ ಅಡಿಗಲ್ಲುಗಳ ಮೇಲೆ ಬಿಳಿಯ ಉಪ್ಪು ಏರಿದೆ. ತಡೆಯುವವರು ಯಾರೂ ಇರದಿದ್ದರೆ ಏನಾಗುತ್ತಿತ್ತೆಂಬುದನ್ನು ಊಹಿಸುವುದು ಕಷ್ಟವಲ್ಲ. ಐಹೊಳೆಯಲ್ಲಿ ಒಂದು ಕಾಲಕ್ಕೆ ಗುಡಿಗಳಲ್ಲಿಯೇ ಜನ ಸಂಸಾರ ಹೂಡಿದ್ದರು. ಅಲ್ಲಿಯ ಪ್ರಸಿದ್ಧವಾದ ಲಾಡಖಾನ ಗುಡಿಗೆ ಆ ಹೆಸರು ಬಂದದ್ದು ಅದರೊಳಗೆ ವಾಸವಾಗಿದ್ದವನಿಂದ. ಹಾಗೆಂದು ಜನರನ್ನೆಲ್ಲ ಎಬ್ಬಿಸಿ ಕಳಿಸಿದರೆ ಸ್ಮಾರಕ ಉಳಿಯುತ್ತದೆಯೇ? 2011ರ ಜುಲೈಯಲ್ಲಿ ಹಂಪಿಯ ವಿರೂಪಾಕ್ಷ ಬಜಾರಿನ ಮಂಟಪಸಾಲುಗಳಿಂದ ಅಲ್ಲಿ ಬಾಳುತ್ತಿದ್ದವರನ್ನು ತೆರವುಗೊಳಿಸಿದ ಮೇಲೆ ನಾವು ಆ ಬೀದಿಯಲ್ಲಿ ನಡೆದಿದ್ದೇವೆ. ಕಲ್ಲು ಉಳಿದಿತ್ತು, ಬೀದಿ ಉಳಿದಿರಲಿಲ್ಲ. ಇದು ನಮ್ಮ ಅಭಿಪ್ರಾಯ. ಪುರಾತತ್ವವನ್ನು ಬಲ್ಲವರು ಬೇರೆ ಹೇಳಬಹುದು.

ನಮ್ಮ ಮಗಳು ಅಹಮದಾಬಾದಿನಲ್ಲಿ ಇದ್ದಾಗ ಅಲ್ಲಿಯ ಹಳೆಯ ಊರನ್ನು ಎರಡು ದಿನ ಸುತ್ತಿದ್ದುಂಟು. ಪೋಳ ಎಂದು ಕರೆಯುವ ಇಕ್ಕಟ್ಟಾದ ಓಣಿಗಳು, ಕಟ್ಟಿಗೆಯ ಕೆತ್ತನೆಯ ಮನೆಗಳು, ನಡುವೆ ಹಕ್ಕಿಗಳಿಗೆ ಕಾಳು ಹಾಕುವ ಎತ್ತರದ ಕಟ್ಟೆ, ಅಂಗಳದ ಕೆಳಗೆ ಮಳೆನೀರು ಹಿಡಿದಿಡುವ ತೊಟ್ಟಿ. 2017ರಲ್ಲಿ ಯುನೆಸ್ಕೊ ಸಂಸ್ಥೆ ಅದನ್ನು ವಿಶ್ವ ಪರಂಪರೆಯ ನಗರವೆಂದು ಘೋಷಿಸಿತು; ಭಾರತದಲ್ಲಿ ಆ ಮನ್ನಣೆ ಪಡೆದ ಮೊದಲ ನಗರ ಅದು. ಆದರೆ ಅದಕ್ಕೆ ಎರಡು ದಶಕಗಳ ಮೊದಲೇ, 1996ರಲ್ಲಿ, ಅಲ್ಲಿಯ ನಗರಪಾಲಿಕೆ ಪರಂಪರೆಗೆಂದೇ ಪ್ರತ್ಯೇಕ ವಿಭಾಗ ತೆರೆದಿತ್ತು. ಪಟ್ಟಿಗೆ ಸೇರಿದ ಎರಡು ಸಾವಿರಕ್ಕೂ ಹೆಚ್ಚು ಕಟ್ಟಡಗಳ ಒಡೆಯರು ತಮ್ಮ ನಿವೇಶನದಲ್ಲಿ ಎತ್ತರಕ್ಕೆ ಕಟ್ಟಲಾರದ ಹಕ್ಕನ್ನು ನಗರದ ಬೇರೆ ಭಾಗದಲ್ಲಿ ಕಟ್ಟುವವರಿಗೆ ಮಾರಿ, ಬಂದ ಹಣವನ್ನು ಹಳೆಯ ಮನೆಯ ದುರಸ್ತಿಗೆ ಬಳಸಲು ಅವಕಾಶ ಕಲ್ಪಿಸಿದ್ದಾರೆ. ಬೇಡವೆನ್ನುವ ಕೈಯೇ ಕೊಡುವ ಕೈಯೂ ಆಗಿರುವುದು ನಮಗೆ ಹಿಡಿಸಿತು. ಅಲ್ಲಿಯೂ ಬೀಗ ಹಾಕಿ ಬಿಟ್ಟುಹೋದ, ಜೋತುಬಿದ್ದ ಮನೆಗಳನ್ನು ಸಾಕಷ್ಟು ಕಂಡೆವೆನ್ನಿ.

ನಮ್ಮ ಹಳ್ಳಿಯ ಪಂಚಾಯತಿಗೆ ಅಷ್ಟು ಶಕ್ತಿಯಿಲ್ಲ, ಮಾರಲು ಯಾವ ಹಕ್ಕಿಗೂ ಬೆಲೆಯಿಲ್ಲ. ಆದರೆ ಗೆರೆ ಎಲ್ಲಿದೆಯೆಂದು ಹೇಳಬಹುದಿತ್ತಲ್ಲ! ಆ ನೂರು ಮೀಟರಿನಲ್ಲಿ ಅರವತ್ತಕ್ಕೂ ಹೆಚ್ಚು ಮನೆಗಳಿವೆ. ಅವುಗಳ ಪಟ್ಟಿಯನ್ನು ಪಂಚಾಯತಿಯ ಗೋಡೆಗೆ ಹಚ್ಚಿದ್ದರೆ ಅಣ್ಣ ಪಾಯ ತೋಡುತ್ತಿರಲಿಲ್ಲ. ಒಂದೊಂದು ಸ್ಮಾರಕದ ಸುತ್ತಲಿನ ಪರಿಸ್ಥಿತಿಗೆ ತಕ್ಕಂತೆ ಪ್ರತ್ಯೇಕ ಉಪವಿಧಿಗಳನ್ನು ರಚಿಸಬೇಕೆಂದು 2010ರ ತಿದ್ದುಪಡಿಯೇ ಹೇಳಿದೆ. ದೇಶದಲ್ಲಿ ಕೇಂದ್ರದ ರಕ್ಷಣೆಯಲ್ಲಿರುವ ಸ್ಮಾರಕಗಳು 3,600ಕ್ಕೂ ಹೆಚ್ಚು, ಕರ್ನಾಟಕದಲ್ಲಿಯೇ 500ಕ್ಕೂ ಹೆಚ್ಚು. ಉಪವಿಧಿ ಸಿದ್ಧವಾದದ್ದು ಕೆಲವಕ್ಕೆ ಮಾತ್ರ. ಹೀಗಾಗಿ ಗೋಳಗುಮ್ಮಟಕ್ಕೂ ನಮ್ಮೂರ ಗುಡಿಗೂ ಒಂದೇ ಅಳತೆಯ ಹಗ್ಗ. ಈ ನಿಯಮದಿಂದ ಸಾಮಾನ್ಯ ಜನರಿಗೆ ತೊಂದರೆಯಾಗುತ್ತಿದೆಯೆಂದು 2023ರಲ್ಲಿ ಸಂಸತ್ತಿನ ಸ್ಥಾಯಿ ಸಮಿತಿಯೂ ತನ್ನ ವರದಿಯಲ್ಲಿ ಎತ್ತಿ ಆಡಿದೆ.

ಇನ್ನು ಕೆಲಸದ ಮಾತು. ಅನುಮತಿಪತ್ರ ಬಂದ ಮೇಲೆ ಗೌಂಡಿಗಳನ್ನು ಹುಡುಕಿದೆವು. ಊರಿನ ಹುಡುಗರೆಲ್ಲ ಸಿಮೆಂಟಿನವರು. ಪಕ್ಕದ ಹಳ್ಳಿಯಲ್ಲಿ ಎಪ್ಪತ್ತು ದಾಟಿದ ಒಬ್ಬ ಹಿರಿಯ ಗೌಂಡಿ ಸಿಕ್ಕರು. ಅವರು ಮೊದಲು ಮಾಡಿದ ಕೆಲಸವೆಂದರೆ ಹದಿನೈದು ವರ್ಷಗಳ ಹಿಂದೆ ಅಣ್ಣ ಕೊಟ್ಟಿಗೆಯ ಗೋಡೆಗೆ ಮಾಡಿಸಿದ್ದ ಸಿಮೆಂಟಿನ ಗಿಲಾಯಿಯನ್ನು ಕಿತ್ತುಹಾಕಿದ್ದು. ಒಳಗಿನ ಮಣ್ಣು ಹಸಿಯಾಗಿ, ಮುಟ್ಟಿದರೆ ಹಿಟ್ಟಿನಂತೆ ಉದುರುತ್ತಿತ್ತು. ಮಣ್ಣಿನ ಗೋಡೆ ನೆಲದ ತೇವವನ್ನು ಹೀರಿ ಗಾಳಿಗೆ ಬಿಡುತ್ತದೆ. ಸಿಮೆಂಟು ಬಳಿದರೆ ಆ ತೇವ ಹೊರಗೆ ಹೋಗಲಾರದೆ ಒಳಗೇ ಕುಳಿತು ಗೋಡೆಯನ್ನು ತಿನ್ನುತ್ತದೆ. ಹಿತ್ತಿಲ ಗೋಡೆಗೂ ಅದೇ ಗಿಲಾಯಿ ಆಗಿತ್ತು. ಹಾಗಾದರೆ ಅದನ್ನು ಕೆಡವಿದ್ದು ಮಳೆಯೊಂದೇ ಅಲ್ಲ. ಅಣ್ಣ ಇದನ್ನು ಕೇಳಿ ಏನೂ ಮಾತಾಡಲಿಲ್ಲ. ಮರುದಿನದಿಂದ ಗೌಂಡಿಗಳ ಜೊತೆ ತಾನೂ ಗುದ್ದಲಿ ಹಿಡಿದ.

ಸುಣ್ಣದ ಹರಳನ್ನು ತರಿಸಿ, ನೀರಿನಲ್ಲಿ ಕುದಿಸಿ, ಮೂರು ವಾರ ಕೊಳೆಹಾಕಿ ಗಾರೆ ಮಾಡಲಾಯಿತು. ಬೆಲ್ಲದ ನೀರನ್ನೂ ಅಳಲೆಕಾಯಿಯನ್ನು ನೆನೆಹಾಕಿದ ನೀರನ್ನೂ ಅದಕ್ಕೆ ಬೆರೆಸಿದರು. ಅರೆಯಲು ಗಾಣವಿರಲಿಲ್ಲ; ಹುಬ್ಬಳ್ಳಿಯಿಂದ ಬಾಡಿಗೆಗೆ ಯಂತ್ರ ತಂದೆವು. ಶೌಚಾಲಯದ ನೆಲಕ್ಕೆ ಮತ್ತು ಮೊಳಕಾಲೆತ್ತರಕ್ಕೆ ಮಾತ್ರ ಹಂಚುಗಲ್ಲು, ಉಳಿದುದೆಲ್ಲ ಗಾರೆ. ಎರಡು ಜಂತಿಗಳು ಗೆದ್ದಲು ಹಿಡಿದಿದ್ದವು. ಬಡಿಗೇರರು ಅವನ್ನಷ್ಟೆ ಬದಲಾಯಿಸಿದರು. ಖರ್ಚು ಒಂದು ಲಕ್ಷದ ಎಂಬತ್ತು ಸಾವಿರವನ್ನು ಮುಟ್ಟಿತು. ಸಿಮೆಂಟಿನಲ್ಲಿ ಮಾಡಿದ್ದರೆ ಅದರ ಅರ್ಧದಲ್ಲಿ ಮುಗಿಯುತ್ತಿತ್ತು. ಸರಕಾರದಿಂದ ಒಂದು ರೂಪಾಯಿಯೂ ಬರಲಿಲ್ಲ. ಮೂವರು ಅಣ್ಣತಮ್ಮಂದಿರು ಹಂಚಿಕೊಂಡೆವು. ಪುಣೆಯಲ್ಲಿರುವ ಕೊನೆಯ ತಮ್ಮ ಎರಡು ಸಲ ನೆನಪಿಸಿದ ಮೇಲೆ ಕಳಿಸಿದ.

ಅವ್ವ ನಾಲ್ಕು ಕಾಲಿನ ಕೋಲನ್ನು ಹಿಡಿದು, ಮೆಟ್ಟಿಲಿನ ಜಾಗದಲ್ಲಿ ಮಾಡಿಸಿದ ಇಳಿಜಾರಿನ ಮೇಲೆ ತಾನೇ ನಡೆದು ಹೋದ ದಿನ ಅತ್ತಿಗೆ ಹೋಳಿಗೆ ಮಾಡಿದ್ದರು. "ಕಮಲಿ ಎಮ್ಮಿ ಕಟ್ಟೂ ಜಾಗಾ ಇದು. ನನ್ನ ತಂದು ಅದರ ಜಾಗಾದಾಗ ಕಟ್ಟೀರಿ" ಎಂದು ಅವ್ವ ನಕ್ಕಳು. ಎರಡು ವರ್ಷ ಆ ಸೌಕರ್ಯವನ್ನು ಅನುಭವಿಸಿ 2023ರ ಶ್ರಾವಣದಲ್ಲಿ ಲಿಂಗೈಕ್ಯಳಾದಳು.

ಅಣ್ಣನ ಮಗನ ಮದುವೆ ಕಳೆದ ವರ್ಷವಾಯಿತು. ಅವನಿಗೆ ಕೋಣೆ ಇಲ್ಲ, ಮೇಲೆ ಕಟ್ಟುವಂತಿಲ್ಲ. ಗದಗಿನಲ್ಲಿ ಬಾಡಿಗೆಯ ಮನೆ ಹಿಡಿದಿದ್ದಾನೆ. ನಿಯಂತ್ರಿತ ಪ್ರದೇಶವನ್ನೂ ದಾಟಿ ಊರ ಹೊರಗೆ ಒಂದು ನಿವೇಶನ ನೋಡಿದ್ದಾರೆ. ಹಾಗಾದರೆ ಅಜ್ಜನ ಮನೆಯಲ್ಲಿ ಕೊನೆಗೆ ಯಾರಿರುತ್ತಾರೆಂದು ನಾವು ಕೇಳಿದೆವು. ಅಣ್ಣ ಉತ್ತರಿಸಲಿಲ್ಲ. ಈ ಸಲ ಮುಂಗಾರಿಗೆ ಮುಂಚೆ, ವರ್ಷವೂ ಮಾಡುವಂತೆ, ಮಾಳಿಗೆಗೆ ಸವಳು ಮಣ್ಣು ಹಾಕಿಸಲು ನಾವು ಊರಿಗೆ ಹೋಗಿದ್ದೆವು. ಬುಟ್ಟಿ ಹೊತ್ತು ಏಣಿಯ ಮೊದಲ ಮೆಟ್ಟಿಲಿಗೆ ಕಾಲಿಟ್ಟ ಅಣ್ಣ ಒಂದು ಕ್ಷಣ ನಿಂತು, ಗುಡಿಯ ಕಡೆಗೊಮ್ಮೆ ನೋಡಿ, "ಇದಕ್ಕೂ ಅರ್ಜಿ ಬೇಕೇನೋ?" ಎಂದು ಕೇಳಿದ. ಬೇಕಾಗಲಿಕ್ಕಿಲ್ಲ ಎಂದೆವು. ಅವನು ಮೇಲೆ ಹತ್ತಿದ. ನಾವು ಕೆಳಗಿನಿಂದ ಎರಡನೆಯ ಬುಟ್ಟಿಯನ್ನು ಎತ್ತಿಕೊಟ್ಟೆವು.